ಪಾಲನಾ ಪರಿಷತ್ತಿನ ಕಾರ್ಯದರ್ಶಿಯಾದ ತಂಗಿಯ ಮಗಳಿಗೆ

ಚಿ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು. ಯೇಸುವಿಗೆ ಸ್ತೋತ್ರ.

ನಮ್ಮೂರ ಧರ್ಮಕೇಂದ್ರದ, ಅಂದರೆ ಪ್ಯಾರಿಷಿನ, ಪಾಲನಾ ಪರಿಷತ್ತಿಗೆ ನಿನ್ನನ್ನು ಕಾರ್ಯದರ್ಶಿ ಮಾಡಿದ್ದಾರೆಂದು ನಿನ್ನಮ್ಮ ಫೋನ್ ಮಾಡಿದಾಗ ಹೇಳಿದಳು. ತುಂಬ ಸಂತೋಷವಾಯಿತು. ಆ ನಡಾವಳಿ ಪುಸ್ತಕ ಹೆಣ್ಣುಮಗಳ ಕೈಗೆ ಬರುವ ಕಾಲ ನಮ್ಮೂರಿಗೂ ಬಂತಲ್ಲ. ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುತ್ತ ಆಯುಷ್ಯದ ಬಹುಪಾಲು ಆ ಚರ್ಚಿನ ಅಂಗಳದಲ್ಲೇ ಕಳೆದವಳು ನಾನು. ಹೇಳಬೇಕಾದದ್ದು ಬಹಳ ಇದೆ. ಫೋನಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಇನ್ನು ಮೇಲೆ ನಿನ್ನ ಕಣ್ಣು ಬಂದವರಿಗಿಂತ ಬರದವರ ಮೇಲಿರಲಿ, ಮಗಳೇ. ಹಬ್ಬಕ್ಕೆ ಎಷ್ಟು ಜನ ಸೇರಿದರು, ಕ್ರಿಸ್ಮಸ್ ರಾತ್ರಿ ಪೂಜೆಗೆ ಎಷ್ಟು ಜನ ಹೊರಗೆ ನಿಂತರು ಅನ್ನುವ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. ಮೂರು ಭಾನುವಾರದಿಂದ ಯಾವ ಮನೆಯವರು ಕಾಣಲಿಲ್ಲ ಎಂದು ಗಮನಿಸುವವರು ಕಡಿಮೆ. ಒಂದು ಮನೆಯವರು ಪೂಜೆಗೆ ಬರುವುದು ಬಿಟ್ಟರೆ ಅದಕ್ಕೆ ದೇವರ ಮೇಲಿನ ಸಿಟ್ಟು ಕಾರಣವಾಗಿರುವುದು ಅಪರೂಪ. ಹಬ್ಬದ ವಂತಿಗೆ ಬಾಕಿ ಇರುತ್ತದೆ, ಮುಖ ತೋರಿಸಲು ನಾಚಿಕೆ. ಮಗಳು ಮನೆ ಬಿಟ್ಟು ಹೋಗಿ ಮದುವೆಯಾಗಿರುತ್ತಾಳೆ. ಬದುವಿನ ಜಗಳ ಪೊಲೀಸು ಠಾಣೆಯವರೆಗೆ ಹೋಗಿರುತ್ತದೆ, ಎದುರಾಳಿ ಮುಂದಿನ ಬೆಂಚಿನಲ್ಲಿ ಕೂತಿರುತ್ತಾನೆ. ಇಂಥ ಮನೆಗೆ ಹೋಗುವಾಗ ಒಬ್ಬಳೇ ಹೋಗಬೇಡ, ನಾಲ್ಕು ಜನರ ಗುಂಪು ಕಟ್ಟಿಕೊಂಡೂ ಹೋಗಬೇಡ. ಇಬ್ಬರು ಸಾಕು. ಸಂಜೆ ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ ಹೋಗು, ಆಗ ಜನಕ್ಕೆ ಕೂರಲು ಪುರುಸೊತ್ತು ಇರುತ್ತದೆ. "ಯಾಕೆ ಪೂಜೆಗೆ ಬರುತ್ತಿಲ್ಲ" ಎಂದು ಮೊದಲೇ ಕೇಳಬೇಡ. ಆರೋಗ್ಯ ಕೇಳು, ಮಕ್ಕಳ ಓದು ಕೇಳು, ಕೊಟ್ಟ ಕಾಫಿ ಕುಡಿ. ಉಳಿದದ್ದನ್ನು ಅವರೇ ಹೇಳುತ್ತಾರೆ, ಇವತ್ತಲ್ಲದಿದ್ದರೆ ಇನ್ನೊಂದು ದಿನ.

ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚು ನೋಡಿದ್ದೀಯಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿನಲ್ಲಿ ಮುಳುಗುತ್ತ ಏಳುತ್ತ ನಿಂತಿರುವ ಆ ಗೋಡೆಗಳ ಫೋಟೋ ತೆಗೆಯಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನನಗೆ ಆ ಗೋಡೆಗಳಿಗಿಂತ ಅಲ್ಲಿಂದ ಎದ್ದುಹೋದ ಜನರ ನೆನಪೇ ಹೆಚ್ಚು. ಮನೆ, ಹೊಲ, ಹಿರಿಯರ ಸಮಾಧಿ ಎಲ್ಲ ಬಿಟ್ಟು ಹೊಸ ಜಾಗಕ್ಕೆ ಹೋಗಿ, ಅಲ್ಲಿ ಮತ್ತೆ ಸೇರಿ ಜಪಮಾಲೆ ಹೇಳಿ, ಸಭೆಯಾಗಿ ಉಳಿದರಲ್ಲ, ಅವರು. ನಮ್ಮ ಪರಿಷತ್ತಿನ ಸಭೆಗಳಲ್ಲಿ ಬಣ್ಣ, ಗ್ರಾನೈಟು, ಕಮಾನು ಇವುಗಳ ಮಾತಿಗೇ ರಾತ್ರಿ ಒಂಬತ್ತಾಗುವುದುಂಟು. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆ ತನ್ನ 515ನೇ ವಿಧಿಯಲ್ಲಿ ಧರ್ಮಕೇಂದ್ರವನ್ನು ಭಕ್ತರ ಸಮುದಾಯವೆಂದೇ ಕರೆದಿದೆ. ಅದನ್ನು ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಟ್ಟುಕೋ, ಮಾತು ಕಟ್ಟಡದಲ್ಲೇ ಸುತ್ತುತ್ತಿದ್ದಾಗ ಓದಿ ಹೇಳಲು ಬರುತ್ತದೆ.

ಈಗ ಅಕ್ಟೋಬರ್ ಬರುತ್ತಿದೆ. ಜಪಮಾಲೆಯ ತಿಂಗಳು, ಮಾತೆ ಮರಿಯಮ್ಮನ ಸ್ವರೂಪ, ಅಂದರೆ ಪ್ರತಿಮೆ, ಮನೆಯಿಂದ ಮನೆಗೆ ಹೋಗುತ್ತದೆ. ಸರದಿ ಬರೆಯುವುದು ನಿನ್ನ ಕೆಲಸ. ಇದರ ಬಗ್ಗೆ ನಾನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಊರನ್ನು ಕೂಡಿಸುವುದೂ ಒಡೆಯುವುದೂ ಈ ಸರದಿಯೇ.

ಸ್ವರೂಪ ಬರುವ ಮನೆಯವರು ಅಂಗಳ ಸಾರಿಸಿ ರಂಗೋಲಿ ಬಿಟ್ಟು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕಾಯುತ್ತಾರೆ. ಜಪಮಾಲೆಯ ಐದು ರಹಸ್ಯ, ಪ್ರಾರ್ಥನಾಮಾಲೆ, ಒಂದು ಹಾಡು. ಆಮೇಲೆ ತಿಂಡಿ. ತಿಂಡಿಯಲ್ಲೇ ತೊಂದರೆ ಹುಟ್ಟುವುದು. ಮೊದಲ ಮನೆಯಲ್ಲಿ ಕಡ್ಲೆಪುರಿ, ಟೀ. ಮರುದಿನದ ಮನೆಯವರು ಅದಕ್ಕಿಂತ ಕಡಿಮೆಯಾಗಬಾರದೆಂದು ಉಪ್ಪಿಟ್ಟು, ಕೇಸರಿಬಾತು. ಎರಡನೇ ವಾರಕ್ಕೆ ಪಲಾವು. ಕೂಲಿ ಮಾಡಿ ಬದುಕುವ ವಿಧವೆ ಆಗ "ನಮ್ಮನೇಲಿ ಜಾಗ ಸಾಲದಮ್ಮ, ಮುಂದಿನ ವರ್ಷ ನೋಡೋಣ" ಅನ್ನುತ್ತಾಳೆ. ಅದು ಜಾಗ ಸಾಲದ್ದರಿಂದ ಬಂದ ಮಾತಲ್ಲ. ನೀನು ಶುರುವಿನಲ್ಲೇ ಒಂದು ಕಟ್ಟು ಮಾಡಿಸು: ಯಾರ ಮನೆಯಾದರೂ ಸರಿ, ಒಂದು ಲೋಟ ಟೀ, ಒಂದು ಹಿಡಿ ಪುರಿ, ಅಷ್ಟೇ. ಅದನ್ನು ಪೂಜೆ ಮುಗಿದ ಮೇಲೆ ಪಾದ್ರಿ ಸ್ವಾಮಿಯವರ ಬಾಯಿಂದಲೇ ಹೇಳಿಸು. ಸರದಿಯನ್ನು ಕೆಳಗಿನ ಬೀದಿಯ ಕೊನೇ ಮನೆಯಿಂದ ಹಿಡಿ. ಒಂದಂಕಣದ ಮನೆಯಾದರೆ ಸ್ವರೂಪ ಒಳಗಿರಲಿ, ಜನ ಬೀದಿಯಲ್ಲಿ ಚಾಪೆ ಹಾಸಿಕೊಂಡು ಕೂರಲಿ. ಬೀದಿಯಲ್ಲಿ ಕೂತಾಗ ಆಚೀಚೆ ಮನೆಯ ಒಕ್ಕಲಿಗರ ಹೆಂಗಸರೂ ಬಂದು ಕೂರುವುದನ್ನು ನೋಡಿದ್ದೇನೆ. ಮರಿಯಮ್ಮನಿಗೆ ಹೂ ಕೊಡುತ್ತಾರೆ, ತಮ್ಮ ಮಗುವಿನ ಜ್ವರ ಹೇಳಿಕೊಳ್ಳುತ್ತಾರೆ. ಮೈಸೂರು ಕಡೆಯ ಡೋರನಹಳ್ಳಿಯ ಸಂತ ಅಂತೋಣಿಯಪ್ಪನ ಹತ್ತಿರಕ್ಕೆ ಜೂನ್ 13ರ ಹಬ್ಬದಂದು ಎಲ್ಲ ಜಾತಿ ಮತದವರೂ ಹೋಗುವುದಿಲ್ಲವೇ, ಹಾಗೆಯೇ. ಅವರಿಗೆ ಚಾಪೆ ಎಳೆದು ಹಾಕುವುದನ್ನು ಮಕ್ಕಳಿಗೆ ಕಲಿಸು.

ಊಟದ ವಿಷಯ ಬಂತು, ಹಬ್ಬದ ಮಾತು ಹೇಳಿಬಿಡುತ್ತೇನೆ. ನಮ್ಮ ಸಂತ ಸೆಬಾಸ್ತಿಯಾನಪ್ಪನ ಹಬ್ಬ ಜನವರಿ 20ಕ್ಕೆ ಬೀಳುವುದು ನಮ್ಮ ಪುಣ್ಯ, ಸುಗ್ಗಿ ಮುಗಿದು ಮನೆಯಲ್ಲಿ ನಾಲ್ಕು ಕಾಳು ಇರುವ ಹೊತ್ತು. ಆದರೂ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಮನೆಗೆ ಇಷ್ಟು ಎಂದು ಒಂದೇ ಅಳತೆಯಲ್ಲಿ ವಂತಿಗೆ ಹಾಕುವುದು ನ್ಯಾಯ ಅನ್ನಿಸುತ್ತದೆ, ನಿಜವಾಗಿ ಅದು ನ್ಯಾಯವಲ್ಲ. ಕೊಡಲಾಗದವರ ಹೆಸರು ನಿನಗೆ ಮತ್ತು ಖಜಾಂಚಿಗೆ ಬಿಟ್ಟು ಮೂರನೆಯವರಿಗೆ ಗೊತ್ತಾಗಕೂಡದು. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುವ ಪದ್ಧತಿಯನ್ನು ನಿನ್ನ ಕೈಲಾದರೆ ನಿಲ್ಲಿಸು. ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರ ಕೂಟಕ್ಕೆ ಒಮ್ಮೆ ಹೋಗಿ ನೋಡು. ಕೊನೆಯಲ್ಲಿ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಬರುತ್ತದೆ. ಎಲ್ಲರೂ ಮುಷ್ಟಿ ಹಿಡಿದೇ ಕೈ ಒಳಗೆ ಹಾಕುತ್ತಾರೆ, ಇದ್ದವನೂ ಇಲ್ಲದವನೂ. ಯಾರು ಏನು ಹಾಕಿದರು, ಯಾರು ಬರಿಗೈ ಹಾಕಿ ತೆಗೆದರು ಎಂದು ಪಕ್ಕದವರಿಗೂ ತಿಳಿಯುವುದಿಲ್ಲ. ಆ ಸಭೆಯನ್ನು 1833ರಲ್ಲಿ ಪ್ಯಾರಿಸಿನಲ್ಲಿ ಗೆಳೆಯರೊಡನೆ ಶುರುಮಾಡಿದ ಓಜಾನಾಂ ಆಗ ಇಪ್ಪತ್ತು ವರ್ಷದ ವಿದ್ಯಾರ್ಥಿ, ನಿನಗಿಂತ ಚಿಕ್ಕವನು.

ಲೆಕ್ಕ ಮಾತ್ರ ಗುಟ್ಟಾಗಿರಬಾರದು. ಧರ್ಮಸಭೆಯ ಅದೇ ಕಾನೂನು ಸಂಹಿತೆಯ ಪ್ರಕಾರ ಧರ್ಮಕೇಂದ್ರದಲ್ಲಿ ಆರ್ಥಿಕ ಸಮಿತಿ ಇರಲೇಬೇಕು, ಅದು 537ನೇ ವಿಧಿ. ನಿಮ್ಮ ಪರಿಷತ್ತಿಗಿರುವುದು ಸಲಹೆ ಕೊಡುವ ಅಧಿಕಾರ ಮಾತ್ರ, ಅದನ್ನೂ ನೆನಪಿಟ್ಟುಕೋ. ಹಬ್ಬ ಮುಗಿದ ಎರಡನೇ ಭಾನುವಾರದೊಳಗೆ ಜಮಾ ಖರ್ಚು ಬರೆದು ನೋಟಿಸ್ ಬೋರ್ಡಿಗೆ ಹಚ್ಚಿಸು, ಓದು ಬಾರದ ಹಿರಿಯರಿಗಾಗಿ ಓದಿಯೂ ಹೇಳಿಸು. ಬಾಡೂಟಕ್ಕೆ ಕುರಿ ಎಷ್ಟು, ಶಾಮಿಯಾನ ಎಷ್ಟು, ವಾಲಗ ಎಷ್ಟು, ಉಳಿದದ್ದು ಎಷ್ಟು. ಊರಿನಲ್ಲಿ ಅನುಮಾನ ಹುಟ್ಟಿದ ಮೇಲೆ ರಸೀದಿ ತೋರಿಸಿ ಪ್ರಯೋಜನವಿಲ್ಲ.

ಬೈಬಲಿನಲ್ಲಿ ಪ್ರೇಷಿತರ, ಅಂದರೆ ಯೇಸುವಿನ ಶಿಷ್ಯರ, ಕಾರ್ಯಕಲಾಪಗಳ ಆರನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದು. ಜೆರುಸಲೇಮಿನ ಆ ಮೊದಲ ಕ್ರೈಸ್ತ ಸಭೆಯಲ್ಲೂ ಜಗಳ ಎದ್ದದ್ದು ಊಟ ಬಡಿಸುವುದರಲ್ಲೇ. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಪಾಲು ಸರಿಯಾಗಿ ಸಿಗುತ್ತಿಲ್ಲ ಎಂಬ ದೂರು. ಪ್ರೇಷಿತರು ದೂರು ಹೇಳಿದವರ ಬಾಯಿ ಮುಚ್ಚಿಸಲಿಲ್ಲ, ಏಳು ಮಂದಿಯನ್ನು ನೀವೇ ಆರಿಸಿ ಎಂದು ಸಭೆಗೆ ಹೇಳಿ ಅವರಿಗೆ ಆ ಕೆಲಸ ವಹಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಅಂದರೆ ಯಾರಿಗೆ ಅನ್ಯಾಯವಾಗಿತ್ತೋ ಅವರ ಕಡೆಯವರ ಕೈಗೇ ಸೌಟು ಬಂತು.

ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ, ಮಗಳೇ. ನಮ್ಮಲ್ಲಿ ಜಾತಿ ಇಲ್ಲ ಎಂದು ಉಪದೇಶದಲ್ಲಿ ಹೇಳುತ್ತೇವೆ. ತೇರಿನ ಮಿಣಿ ಮೊದಲು ಯಾರು ಮುಟ್ಟುತ್ತಾರೆ, ಸ್ವರೂಪಕ್ಕೆ ಹೆಗಲು ಯಾರು ಕೊಡುತ್ತಾರೆ, ಅಡುಗೆಗೆ ಯಾರು ನಿಲ್ಲುತ್ತಾರೆ, ಎಂಜಲೆಲೆ ಯಾರು ಎತ್ತುತ್ತಾರೆ ಎಂದು ಒಂದು ಹಬ್ಬದಲ್ಲಿ ಸುಮ್ಮನೆ ನಿಂತು ನೋಡು, ಎಲ್ಲ ಕಾಣುತ್ತದೆ. 1950ರ ರಾಷ್ಟ್ರಪತಿ ಆದೇಶದಿಂದಾಗಿ ದಲಿತ ಕ್ರೈಸ್ತರು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿದ್ದಾರೆ. ಸರ್ಕಾರ ಅವರನ್ನು ಕ್ರೈಸ್ತರು ಅನ್ನುತ್ತದೆ, ಊರು ಜಾತಿಯವರು ಅನ್ನುತ್ತದೆ, ಚರ್ಚಿನ ಅಂಗಳದಲ್ಲೂ ಕೊನೇ ಪಂಕ್ತಿಯೇ ಎಂದಾದರೆ ಅವರು ಎಲ್ಲಿಗೆ ಹೋಗಬೇಕು? ನನಗೆ ಇದು ಎಲ್ಲಕ್ಕಿಂತ ದೊಡ್ಡ ಸಂಕಟ. ಭಾಷಣ ಮಾಡಿ ಮನಸ್ಸು ತಿರುಗಿಸುವುದು ಕಷ್ಟ, ಪಟ್ಟಿ ಬರೆಯುವುದು ನಿನ್ನ ಕೈಯಲ್ಲಿದೆ. ಬಡಿಸುವವರ ಪಟ್ಟಿಯಲ್ಲಿ ಎಲ್ಲ ಬೀದಿಯ ಹೆಸರೂ ಇರಲಿ, ವಾಚನ ಓದುವ ಮಕ್ಕಳ ಪಟ್ಟಿಯಲ್ಲೂ ಇರಲಿ. ಗೊಣಗುವವರು ಗೊಣಗಲಿ. ನೀನು ಪಟ್ಟಿ ತಿದ್ದಬೇಡ.

ಸಾವಿನ ಮನೆಗೆ ಮಾತ್ರ ಯಾವ ಪಟ್ಟಿಯೂ ಬೇಡ. ಗಂಟೆ ಬಡಿದ ಕೂಡಲೇ ಹೋಗು. ಗುಂಡಿ ತೋಡಲು ಹುಡುಗರು, ಬಂದವರಿಗೆ ಅನ್ನ ಸಾರು ಮಾಡಲು ಪಕ್ಕದ ಮನೆಯವರು, ಬಸ್ಸಿಳಿದು ಬರುವ ನೆಂಟರಿಗೆ ದಾರಿ ತೋರಿಸಲು ಒಬ್ಬರು. ಇದನ್ನು ನಮ್ಮೂರು ಇನ್ನೂ ಚೆನ್ನಾಗಿ ಮಾಡುತ್ತದೆ, ದೇವರಿಗೆ ಸ್ತೋತ್ರ. ಮಣ್ಣಾದ ಮೇಲಿನ ವಾರಗಳಲ್ಲೇ ಯಾರೂ ಇರುವುದಿಲ್ಲ. ಆಗ ಹೋಗಬೇಕಾದವರು ನೀವು.

ಸ್ವಾಮಿಯವರ ಜೊತೆ ಭಿನ್ನಾಭಿಪ್ರಾಯ ಬಂದೇ ಬರುತ್ತದೆ. ಅವರ ಕೋಣೆಯಲ್ಲಿ ಎದುರಿಗೆ ಕೂತು ಹೇಳು, ವಾಟ್ಸಾಪ್ ಗುಂಪಿನಲ್ಲಿ ಒಂದಕ್ಷರವೂ ಬೇಡ. ಅವರು ಕೆಲವು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ, ಹೊಸಬರಿಗೆ ಊರಿನ ಮನೆಮನೆಯ ವಿಷಯ ತಿಳಿಸಬೇಕಾದವಳು ನೀನು. ತಿಳಿಸುವಾಗ ಹಳೆಯ ಜಗಳಗಳನ್ನು ಅವರ ತಲೆಗೆ ತುಂಬಬೇಡ. ಹಾಸಿಗೆ ಹಿಡಿದವರು ಯಾರು, ಪರಮಪ್ರಸಾದ ಮನೆಗೇ ಕೊಂಡೊಯ್ಯಬೇಕಾದ್ದು ಎಲ್ಲಿಗೆ, ಅದನ್ನು ಮೊದಲು ಹೇಳು.

ಇನ್ನೊಂದು ಕೆಲಸ, ಇದನ್ನು ನನಗಾಗಿ ಮಾಡು. ನವೆಂಬರ್ 2ಕ್ಕೆ ಸತ್ತವರ ಹಬ್ಬ. ಹಿಂದಿನ ವಾರವೇ ಸಮಾಧಿಗಳ ಕಳೆ ಕೀಳುತ್ತಾರೆ, ಸುಣ್ಣ ಬಳಿಯುತ್ತಾರೆ, ಸೇವಂತಿಗೆ ಹಾಕಿ ಮೇಣದಬತ್ತಿ ಹಚ್ಚುತ್ತಾರೆ, ಸ್ವಾಮಿಯವರು ತೀರ್ಥ ಚಿಮುಕಿಸುತ್ತ ಬರುತ್ತಾರೆ. ವಾರಸುದಾರರು ಬೆಂಗಳೂರಿಗೆ ಹೋಗಿಬಿಟ್ಟ, ಅಥವಾ ವಂಶವೇ ನಿಂತುಹೋದ ಸಮಾಧಿಗಳು ಬೇಲಿಯ ಕಡೆ ಇವೆ, ಲಂಟಾನ ಬೆಳೆದು ಶಿಲುಬೆಯೂ ಕಾಣುವುದಿಲ್ಲ. ಜ್ಞಾನೋಪದೇಶದ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಹಂಚಿಕೊಡು. ಕಲ್ಲಿನ ಮೇಲಿನ ಹೆಸರನ್ನು ಬೆರಳಾಡಿಸಿ ಓದಿ ನೋಟುಬುಕ್ಕಿನಲ್ಲಿ ಬರೆದುಕೊಂಡು ಬರಲಿ. ಹೆಸರು ಅಳಿಸಿದ್ದರೆ ನನ್ನನ್ನು ಕೇಳಿ, ಕೆಲವರು ನನಗೆ ನೆನಪಿದ್ದಾರೆ. ಕುಡುಗೋಲಿನ ಕೆಲಸ ದೊಡ್ಡ ಹುಡುಗರು ಮಾಡಲಿ, ಆ ಬೇಲಿಯಲ್ಲಿ ಹಾವಿರುತ್ತದೆ.

ನಿನ್ನಮ್ಮನ ಮಂಡಿನೋವಿಗೆ ಎಣ್ಣೆ ಕಳಿಸುತ್ತಿದ್ದೇನೆ, ದಿನಾ ರಾತ್ರಿ ಹಚ್ಚಿಕೊಳ್ಳಲು ಹೇಳು. ಪರಿಷತ್ತಿನ ಸಭೆ ಇರುವ ದಿನ ಅವಳ ಊಟ ಮುಗಿಸಿಯೇ ಹೊರಡು. ಅಕ್ಟೋಬರಿನ ಸರದಿ ಬರೆದಾದ ಮೇಲೆ ಫೋಟೋ ತೆಗೆದು ನನಗೆ ಕಳಿಸು, ಯಾವ ಮನೆಯೂ ಬಿಟ್ಟುಹೋಗಿಲ್ಲವೇ ಎಂದು ನಾನೂ ನೋಡುತ್ತೇನೆ.

ನಿನ್ನ ದೊಡ್ಡಮ್ಮ