ಬೆಲ್‌ಫಾಸ್ಟ್‌ನಲ್ಲಿರುವ ತಂಗಿಯ ಮಗಳಿಗೆ

ಧಾರವಾಡ

ಪ್ರೀತಿಯ ಪುಟ್ಟಿ,

ನಿನ್ನ ಫೋನ್ ಬಂದ ರಾತ್ರಿ ನಿದ್ದೆ ಹತ್ತಲಿಲ್ಲ. ಮಗು ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದಾನೆ, ಸ್ಕೂಲ್ ಅಂದರೆ ಹೊಟ್ಟೆನೋವು ಅಂತಾನೆ. ಎಲ್ಲ ಶುರುವಾಗಿದ್ದು 2024ರ ಆಗಸ್ಟ್‌ನಲ್ಲಿ ವಲಸಿಗರ ಅಂಗಡಿಗಳಿಗೆ ಬೆಂಕಿ ಬಿದ್ದ ಮೇಲೆ. ಆದರೂ "ಅವನಿಗೇನು ಗೊತ್ತಾಗತ್ತೆ ಮಾವ, ಚಿಕ್ಕವನು" ಅಂದೆಯಲ್ಲ, ಆ ಮಾತಿಗೇ ಈ ಕಾಗದ.

ಗೊತ್ತಾಗುತ್ತದೆ. ಎಂಬತ್ತರ ದಶಕದಲ್ಲಿ, ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ಹೊಡೆದಾಟ ನಡೆಯುತ್ತಿದ್ದ ಕಾಲದಲ್ಲಿ, ನಾನು ಅಲ್ಲಿ ಡಾಕ್ಟರಾಗಿದ್ದಾಗ ಕೈ ಮುರಿದುಕೊಂಡು ಆರು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಪಟ್ಟಿ ಕಟ್ಟುತ್ತಿದ್ದರೆ, ಇಂಗ್ಲಿಷಿನ ಎಂಟನೇ ಅಕ್ಷರ ಹೇಳು ಅಂದಳು. ನಾನು ಯಾವ ಕಡೆಯವನು ಅಂತ ತಿಳಿಯಲಿಕ್ಕೆ: 'ಹೇಚ್' ಅಂತ ಉಚ್ಚರಿಸಿದರೆ ಕ್ಯಾಥೊಲಿಕ್, 'ಏಚ್' ಅಂತ ಉಚ್ಚರಿಸಿದರೆ ಪ್ರಾಟೆಸ್ಟೆಂಟ್. ನಾನು ನಮ್ಮೂರ ಮೇಷ್ಟ್ರು ಕಲಿಸಿದ 'ಹೆಚ್' ಅಂದೆ. ಅವಳ ಮುಖ ಬಿಗಿಯಿತು. ಹೊರಗೆ ಬಾಂಬ್ ಸಿಡಿದರೂ ತಿರುಗಿ ನೋಡದ ಮಕ್ಕಳು ಅವರು. ನಾವೆಲ್ಲ ಗಟ್ಟಿ ಮಕ್ಕಳು ಅಂತ ಹೊಗಳುತ್ತಿದ್ದೆವು. ದಡ್ಡತನ.

1998ರಲ್ಲಿ ಶಾಂತಿ ಒಪ್ಪಂದವಾಯಿತು. ಎರಡು ಕಡೆಯವರ ಬೀದಿಗಳ ನಡುವೆ 1969ರಿಂದ ಎದ್ದ ಗೋಡೆಗಳು ಈಗಲೂ ನಿಂತಿವೆ, ನೀನೇ ದಿನಾ ನೋಡುತ್ತೀಯ. ಒಪ್ಪಂದವಾಗಿ ನಾಲ್ಕು ವರ್ಷಕ್ಕೆ, 2002ರಲ್ಲಿ, ಅಲ್ಲಿನ 3ರಿಂದ 6 ವರ್ಷದ ಮಕ್ಕಳನ್ನು ಮಾತಾಡಿಸಿ ಒಂದು ಅಧ್ಯಯನ ಬಂತು. ಆರು ವರ್ಷದವರಲ್ಲಿ ಮೂವರಲ್ಲಿ ಒಬ್ಬರಿಗೆ 'ನಾವು ಈ ಕಡೆಯವರು' ಅನ್ನುವುದು ಗೊತ್ತಿತ್ತು. ಯಾರೂ ಕೂರಿಸಿಕೊಂಡು ಪಾಠ ಹೇಳಿರಲಿಕ್ಕಿಲ್ಲ. ಬಾವುಟ, ತಮ್ಮ ಕಡೆಯ ಬಣ್ಣ ಬಳಿದ ಫುಟ್‌ಪಾತಿನ ಕಲ್ಲು, ಅಮ್ಮನ ದನಿ ತಗ್ಗುವುದು, ಇಷ್ಟು ಸಾಕು ಅಲ್ವಾ?

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡ. ಬೆಲ್‌ಫಾಸ್ಟಿನ ತಾಯಿ-ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದವರು ಕಂಡಿದ್ದೇನೆಂದರೆ, ಬೀದಿಯ ಜಗಳ ಮನೆಯೊಳಗಿನ ಜಗಳವಾಗಿಯೂ ಮಗುವನ್ನು ಮುಟ್ಟುತ್ತದೆ. 'ಊರಿಗೆ ವಾಪಸ್ ಹೋಗೋಣ', 'ಬೇಡ' ಅಂತ ನೀವಿಬ್ಬರೂ ರಾತ್ರಿ ಕಿತ್ತಾಡುತ್ತೀರಿ. ಗೋಡೆಯಾಚೆ ಅವನು ಎದ್ದೇ ಇರುತ್ತಾನೆ. ಹೋಗಿ ಅಥವಾ ಇರಿ, ಅದು ನಿಮ್ಮಿಷ್ಟ. ಆ ಮಾತು ಮಾತ್ರ ಹಗಲು, ಅವನು ಸ್ಕೂಲಲ್ಲಿದ್ದಾಗ ಆಗಲಿ.

ಅಂಗಡಿ ಸುಟ್ಟಿದ್ದನ್ನು ಸುಮ್ನೆ ಮುಚ್ಚಿಡಬೇಡ. 'ಕೆಲವರು ಕೆಟ್ಟ ಕೆಲಸ ಮಾಡಿದರು, ಆಮೇಲೆ ಜನ ಬಂದು ಸಹಾಯ ಮಾಡಿದರು, ನಾವು ನಿನ್ನ ಜೊತೆಗಿದ್ದೇವೆ' ಅಂತ ಹೇಳು. ಅವನು ಹತ್ತು ಸಲ ಕೇಳುತ್ತಾನೆ, ಹತ್ತು ಸಲವೂ ಹೇಳು. ಎರಡೂ ಕಡೆಯ ಮಕ್ಕಳು ಕೂಡಿ ಓದುವ ಶಾಲೆ ಹತ್ತಿರದಲ್ಲಿದ್ದರೆ ವಿಚಾರಿಸು.

ಹೊಟ್ಟೆನೋವು ಇನ್ನೆರಡು ವಾರ ಇದ್ದರೆ ಡಾಕ್ಟರಿಗೆ ತೋರಿಸು. ಭಾನುವಾರ ವಿಡಿಯೊ ಕಾಲ್ ಮಾಡು. ಅವನ ಕೈಗೇ ಫೋನ್ ಕೊಡು, ನೀನು ಅಡುಗೆಮನೆಗೆ ಹೋಗು.

ನಿನ್ನ
ಮಾವ