ಎಂಟು ಹಾಕಲು ಬಂದರೆ ಸಾಲದು, ಮಳೆಯಲ್ಲಿ ನಿಲ್ಲಿಸಲೂ ಬರಬೇಕು

ಮಾನ್ಯ ಸಾರಿಗೆ ಸಚಿವರಿಗೆ,

ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರನೊಬ್ಬನ ನಮಸ್ಕಾರಗಳು.

ನನ್ನ ಮಗಳು ಸ್ಕೂಟರ್ ಕಲಿತದ್ದು ನಮ್ಮ ಮನೆಯ ಅಡಿಕೆ ಅಂಗಳದಲ್ಲಿ. ಕಲಿಸಿದವನು ನಾನೇ. ಎಲ್‌ಎಲ್ (ಕಲಿಕಾ ಪರವಾನಗಿ) ಸಿಕ್ಕಿ ನಿಯಮದಂತೆ 30 ದಿನ ಕಳೆದ ಮೇಲೆ ಪರೀಕ್ಷೆಗೆ ಕರೆದುಕೊಂಡು ಹೋದೆ. ಕಾಲು ನೆಲಕ್ಕೆ ಊರದೆ 8ರ ಆಕಾರದಲ್ಲಿ ಗಾಡಿ ಸುತ್ತಿಸಿ ಎಂಟು ಹಾಕಿದಳು, ಪಾಸಾದಳು. ಡಿಎಲ್ (ಚಾಲನಾ ಪರವಾನಗಿ) ಕೈಗೆ ಬಂದ ಮೂರನೇ ವಾರ, ಜೂನ್ ತಿಂಗಳ ಮಳೆಯಲ್ಲಿ, ಇಳಿಜಾರಿನ ತಿರುವೊಂದರಲ್ಲಿ ಅವಳೆದುರು ಪಿಕಪ್ ವಾಹನ ಬಂತು. ಗಾಬರಿಯಿಂದ ಮುಂದಿನ ಬ್ರೇಕನ್ನು ಒಮ್ಮೆಲೇ ಒತ್ತಿ ಹಿಡಿದಳು. ರಸ್ತೆ ಬದಿಯ ಧರೆಯಿಂದ ಹರಿದು ಬಂದಿದ್ದ ಕೆಂಪು ಮಣ್ಣಿನ ಮೇಲೆ ಚಕ್ರ ಜಾರಿತು. ಭುಜದ ಮೂಳೆ ಮುರಿಯಿತು. ಐಎಸ್‌ಐ ಗುರುತಿನ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಿದ್ದಳು, ತಲೆಗೆ ಏನೂ ಆಗಲಿಲ್ಲ.

ಆಸ್ಪತ್ರೆಯ ಮಂಚದ ಮೇಲೆ ಮಲಗಿ ಅವಳು ಕೇಳಿದಳು: "ಅಪ್ಪಾ, ಮುಂದಿನ ಬ್ರೇಕ್ ಹಿಡಿಯಲೇಬಾರದಿತ್ತೇ?"

ಮೂವತ್ತು ವರ್ಷ ಬೈಕ್ ಓಡಿಸಿದ ನನಗೆ ಉತ್ತರ ತಿಳಿದಿರಲಿಲ್ಲ. ತಿಳಿದವರನ್ನು ಕೇಳಿದೆ. ಗಾಡಿಯನ್ನು ನಿಲ್ಲಿಸುವ ಬಲ ಹೆಚ್ಚಾಗಿ ಮುಂದಿನ ಚಕ್ರದ್ದೇ. ಆದರೆ ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗಲೇ, ಎರಡೂ ಬ್ರೇಕನ್ನು ಮೆಲ್ಲನೆ ಒತ್ತುತ್ತಾ ಬಂದು ವೇಗ ಇಳಿಸಿಕೊಳ್ಳಬೇಕು. 2019ರ ಏಪ್ರಿಲ್‌ನಿಂದ ತಯಾರಾಗುವ ಸ್ಕೂಟರ್‌ಗಳಲ್ಲಿ ಒಂದು ಹಿಡಿ ಒತ್ತಿದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುವ ಸಿಬಿಎಸ್ ಅಥವಾ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇರಲೇಬೇಕು. ನಮ್ಮ ಮನೆಯದು ಅದಕ್ಕಿಂತ ಹಳೆಯದು. ಇದನ್ನೆಲ್ಲ ಮಗಳಿಗೆ ಕಲಿಸದೇ ರಸ್ತೆಗೆ ಬಿಟ್ಟೆನಲ್ಲ ಎಂಬ ನೋವು ನನಗಿನ್ನೂ ಇದೆ.

ನಾನು ಹೊಸ ಕಾನೂನು ಕೇಳುತ್ತಿಲ್ಲ. ತುರ್ತಿನಲ್ಲಿ ವಾಹನ ನಿಲ್ಲಿಸುವ ಸಾಮರ್ಥ್ಯವನ್ನೂ ಪರೀಕ್ಷೆಯಲ್ಲಿ ನೋಡಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮವೇ ಹೇಳುತ್ತದೆ. ನನ್ನ ಮಗಳಿಗೆ ನಿಲ್ಲಿಸಿ ತೋರಿಸು ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಅವಳು ಅಂದೇ ಫೇಲಾಗುತ್ತಿದ್ದಳು. ಹಾಗಾಗಿದ್ದರೆ ನನಗೆ ಸಂತೋಷವೇ ಆಗುತ್ತಿತ್ತು.

ಸಮತಟ್ಟಾದ ಮೈದಾನದ ಎಂಟಕ್ಕೂ ನಮ್ಮ ರಸ್ತೆಗಳಿಗೂ ಬಹಳ ಅಂತರವಿದೆ. ಆಗುಂಬೆ ಘಾಟಿಯಲ್ಲಿ ಮಂಜು ಕವಿದರೆ ಹತ್ತು ಮಾರು ಮುಂದೆ ಏನಿದೆಯೆಂದು ಕಾಣುವುದಿಲ್ಲ. ಹುಲಿಕಲ್ ಘಾಟಿಯಲ್ಲಿ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವ ಹುಡುಗರನ್ನು ಕಣ್ಣಾರೆ ಕಂಡಿದ್ದೇನೆ. ಏರುವ ಗೇರಿನಲ್ಲೇ ಇಳಿದರೆ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ ಎಂದು ಅವರಿಗೆ ಹೇಳಿಕೊಟ್ಟವರಿಲ್ಲ. ನಮ್ಮ ಸುತ್ತಲಿನ ಡ್ರೈವಿಂಗ್ ಶಾಲೆಗಳಲ್ಲಿ ಕಾರು ಕಲಿಸುತ್ತಾರೆ. ಬೈಕಾದರೆ ಅಣ್ಣನೋ ಅಪ್ಪನೋ ಕಲಿಸಿದಷ್ಟೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ತಾಲ್ಲೂಕುಗಳಲ್ಲಿ ನಡೆಯುವ ಡಿಎಲ್ ಕ್ಯಾಂಪುಗಳಲ್ಲಿ ಎಂಟಿನ ಜೊತೆಗೆ ಒಂದು ನೇರ ಪಟ್ಟಿಯನ್ನೂ ಗುರುತು ಮಾಡಿಸಿ. ಅದಕ್ಕೆ ನೀರು ಹೊಡೆಸಿ, ಅಲ್ಲಿ ಬ್ರೇಕ್ ಹಿಡಿದು ಗೆರೆಯೊಳಗೆ ನಿಲ್ಲಿಸಿದವರಿಗೆ ಮಾತ್ರ ಡಿಎಲ್ ಕೊಡಿಸಿ. ಎಲ್‌ಎಲ್ ಪಡೆದವರಿಗೆ ಪರೀಕ್ಷೆಗೆ ಮೊದಲು ಒಂದು ದಿನವಾದರೂ ಇದನ್ನು ಕಲಿಸುವ ಏರ್ಪಾಡಾಗಲಿ. ಖರ್ಚೆಂದರೆ ಒಂದು ಟ್ಯಾಂಕರ್ ನೀರು, ಒಬ್ಬ ತರಬೇತುದಾರ.

ಮಗನಿಗೆ ಬರುವ ವರ್ಷ ಹದಿನೆಂಟು ತುಂಬುತ್ತದೆ. ಅಲ್ಲಿಯವರೆಗೆ ಸ್ಕೂಟರಿನ ಕೀಲಿ ನನ್ನ ಬಳಿಯೇ ಇರುತ್ತದೆ. ಅವನು ಪರೀಕ್ಷೆಗೆ ನಿಲ್ಲುವ ದಿನ ಆ ಒದ್ದೆ ಪಟ್ಟಿ ಅಲ್ಲಿರಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ತಂದೆ