ಹಲ್ಲಿನ ಡಾಕ್ಟರ್ ಆಗುವವರು ಮೂರು ತಿಂಗಳು ಒಂದೇ ಹೋಬಳಿಯಲ್ಲಿ ಇರಲಿ

ಮಾನ್ಯ ಸಂಪಾದಕರೇ,

ನಾನು ಸಕಲೇಶಪುರ ತಾಲ್ಲೂಕು ಹೆತ್ತೂರು ಹೋಬಳಿಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಹಾಜರಿ ಬರೆಯುವುದು, ವಾರದ ಬಟವಾಡೆ ಮಾಡುವುದು ನನ್ನ ಕೆಲಸ. ಕೂಲಿಯವರು ಇರುವ ಲೈನ್ ಮನೆಗಳಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಮೊದಲು ನನ್ನ ಹತ್ತಿರವೇ ಬರುತ್ತಾರೆ. ಅದಕ್ಕೇ ಈ ಪತ್ರ.

ಕಳೆದ ವರ್ಷ ಕೊಯ್ಲು ಶುರುವಾಗುವ ಮೊದಲು ಪಕ್ಕದ ಶಾಲೆಯಲ್ಲಿ ಹಲ್ಲಿನ ಕ್ಯಾಂಪ್ ಆಯಿತು. ಒಂದು ಕಾಲೇಜಿನ ಬಸ್ಸು ಬಂತು, ಬ್ಯಾನರ್ ಕಟ್ಟಿದರು, ಬಿಳಿ ಕೋಟು ಹಾಕಿಕೊಂಡ ಹುಡುಗ ಹುಡುಗಿಯರು ಟಾರ್ಚ್ ಹಿಡಿದು ಸಾಲಾಗಿ ಕೂತರು. ನಮ್ಮ ತೋಟದವರನ್ನು ನಾನೇ ಕರೆದುಕೊಂಡು ಹೋಗಿದ್ದೆ. ಅವರಲ್ಲಿ ಐವತ್ತರ ಹತ್ತಿರದ ಒಬ್ಬ ಹೆಂಗಸು, ಎಡಗೆನ್ನೆ ಸ್ವಲ್ಪ ಊದಿತ್ತು. ದವಡೆ ಹಲ್ಲಿನ ತೂತಿಗೆ ಹೊಗೆಸೊಪ್ಪು ಒತ್ತಿಕೊಂಡು ದಿನ ತಳ್ಳುತ್ತಿದ್ದರು. ನೋವು ಮರಗಟ್ಟುತ್ತದೆ ಅಂತ ನಮ್ಮ ಕಡೆ ಸುಮಾರು ಜನ ಹೀಗೇ ಮಾಡುತ್ತಾರೆ. ಡಾಕ್ಟರ್ ಹುಡುಗಿ ಚೆನ್ನಾಗಿಯೇ ನೋಡಿದರು, ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. 'ರೂಟ್ ಕೆನಾಲ್ ಮಾಡಬೇಕು ಅಮ್ಮ, ಕಾಲೇಜಿಗೆ ಬನ್ನಿ' ಅಂತ ಒಂದು ಚೀಟಿ ಬರೆದುಕೊಟ್ಟರು. ಹಲ್ಲು ಕೀಳದೆ, ಬೇರಿನೊಳಗೆ ಕೆಟ್ಟದ್ದನ್ನು ತೆಗೆದು ತುಂಬಿ ಹಲ್ಲು ಉಳಿಸುವ ಚಿಕಿತ್ಸೆ ಅದು. ಜೊತೆಗೆ ಒಂದು ಚಿಕ್ಕ ಪೇಸ್ಟ್. ಮಧ್ಯಾಹ್ನ ಮೂರೂವರೆಗೆ ಬಸ್ಸು ಹೊರಟಿತು.

ಚೀಟಿ ಎಲೆಅಡಿಕೆ ಚೀಲ ಸೇರಿತು. ಜನವರಿಯಲ್ಲಿ, ಕೊಯ್ಲು ಜೋರಾಗಿರುವಾಗ, ಹಲ್ಲಿನ ಬುಡದಲ್ಲಿ ಕೀವಾಗಿ ಕುತ್ತಿಗೆವರೆಗೆ ಊದಿಕೊಂಡು ಬಾಯಿ ತೆರೆಯಲೇ ಆಗದ ಸ್ಥಿತಿ ಬಂತು. ರಾತ್ರಿ ಜೀಪಿನಲ್ಲಿ ಹಾಸನಕ್ಕೆ ಕರೆದೊಯ್ದೆವು. ನಾಲ್ಕು ದಿನ ಅಡ್ಮಿಟ್ ಆಗಿ ಹಲ್ಲು ಕೀಳಿಸಿಕೊಂಡು ಬಂದರು. ಆಸ್ಪತ್ರೆಯಲ್ಲಿ ಆಧಾರ್ ಕಾರ್ಡ್ ಹುಡುಕುವಾಗ ಆ ಚೀಟಿ ನನ್ನ ಕೈಗೆ ಸಿಕ್ಕಿತು. ಸುಣ್ಣ ಮೆತ್ತಿಕೊಂಡು, ನಾಲ್ಕು ಮಡಿಕೆಯಾಗಿತ್ತು.

'ಯಾಕಮ್ಮ ಹೋಗಲಿಲ್ಲ' ಅಂತ ಕೇಳಿದೆ. 'ಹೆಂಗೆ ಹೋಗಲಿ ರೈಟ್ರೇ' ಅಂದರು. ಅವರು ಹೇಳಿದ್ದು ಸರಿ. ಹೆತ್ತೂರಿನಿಂದ ಸಕಲೇಶಪುರ, ಅಲ್ಲಿಂದ ಮತ್ತೆ 40 ಕಿಲೋಮೀಟರ್ ಹಾಸನ. ಬೆಳಗಿನ ಮೊದಲ ಬಸ್ಸಿಗೆ ನಡೆದು ಹೋಗೋಣ ಅಂದರೆ ದಾರಿಯಲ್ಲಿ ಆನೆ ಇರುತ್ತದೆ. ರೂಟ್ ಕೆನಾಲ್ ಅಂದರೆ ಸಾಮಾನ್ಯವಾಗಿ ಎರಡು ಮೂರು ಸಲ ಹೋಗಬೇಕು. ಅಷ್ಟೂ ದಿನದ ಕೂಲಿ ಹೋಯಿತು, ಜೊತೆಗೆ ಬರುವವರ ಕೂಲಿಯೂ ಹೋಯಿತು. ಅದಕ್ಕೇ ನಮ್ಮ ಜನ ಡಾಕ್ಟರ್ ಎದುರು ಕೂತ ತಕ್ಷಣ ಹೇಳುವ ಮಾತು ಒಂದೇ: 'ಕಿತ್ತು ಹಾಕಿಬಿಡಿ ಸಾರ್'. ಇದನ್ನು ಕೇಳಿದ ಹೊಸ ಡಾಕ್ಟರುಗಳು ಜನರಿಗೆ ಹಲ್ಲಿನ ಬೆಲೆ ಗೊತ್ತಿಲ್ಲ ಅಂದುಕೊಳ್ಳುತ್ತಾರೆ. ಗೊತ್ತಿದೆ ಸ್ವಾಮಿ. ಕಿತ್ತ ಮೇಲೆ ಗಟ್ಟಿ ರೊಟ್ಟಿ ತಿನ್ನಲು ಆಗದೆ ಸಾರಿಗೆ ಅದ್ದಿಕೊಂಡು ತಿನ್ನುವವರು ಅವರೇ ತಾನೆ.

ನಾನು ಆ ಮಕ್ಕಳ ಮೇಲೆ ದೂರು ಹೇಳುತ್ತಿಲ್ಲ. ಅವರಿಗೆ ಕಲಿಸಿದ್ದು ಅಷ್ಟೇ. ಹಲ್ಲಿನ ಡಾಕ್ಟರ್ ಆಗುವ ಬಿಡಿಎಸ್ ಕೋರ್ಸ್ ಅಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ದಂತ ವೈದ್ಯ ಪರಿಷತ್ತಿನ 2007ರ ನಿಯಮದಲ್ಲಿ ಆ ಒಂದು ವರ್ಷದಲ್ಲಿ ಮೂರು ತಿಂಗಳು ಸಮುದಾಯ ದಂತ ವಿಭಾಗಕ್ಕೆ, ಗ್ರಾಮೀಣ ಸೇವೆಗೆ ಅಂತ ಇಟ್ಟಿದ್ದಾರೆ. ಮೂರು ತಿಂಗಳು ಸಣ್ಣ ಕಾಲವೇನಲ್ಲ. ಆದರೆ ಇವತ್ತು ಈ ಶಾಲೆ, ನಾಳೆ ಆ ಸಂತೆ, ನಾಡಿದ್ದು ಇನ್ನೊಂದು ಊರು ಅಂತ ಸುತ್ತಿದರೆ ಬಾಯಿಗಳನ್ನು ಎಣಿಸಿದ ಹಾಗಾಗುತ್ತದೆ ಹೊರತು ಒಬ್ಬ ರೋಗಿಯನ್ನೂ ಎರಡನೇ ಸಲ ನೋಡಿದ ಹಾಗೆ ಆಗುವುದಿಲ್ಲ. ತಾನು ಬರೆದ ಚೀಟಿ ಏನಾಯಿತು ಅಂತ ಆ ಹುಡುಗಿಗೆ ಇವತ್ತಿಗೂ ಗೊತ್ತಿಲ್ಲ, ಅಲ್ವಾ?

ನಾನು ಕೇಳುವುದು ಇಷ್ಟೇ. ಆ ಮೂರು ತಿಂಗಳು ಅವರು ಒಂದೇ ಹೋಬಳಿಯಲ್ಲಿ ಉಳಿಯಲಿ. ನಾಲ್ಕೈದು ಜನರ ಒಂದು ತಂಡ, ಜೊತೆಗೆ ಒಬ್ಬ ಮೇಷ್ಟ್ರು, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಕೋಣೆ. ಅವರು ಹೋದ ಮೇಲೆ ಅದೇ ಹೋಬಳಿಗೆ, ಅದೇ ಪುಸ್ತಕ ಹಿಡಿದು ಮುಂದಿನ ತಂಡ ಬರಲಿ. ಯಾರ ಯಾವ ಹಲ್ಲಿಗೆ ಏನು ಮಾಡಿದೆವು, ಯಾರು ವಾಪಸ್ ಬರಬೇಕಿತ್ತು, ಬಾರದಿದ್ದರೆ ಯಾಕೆ ಅಂತ ಅದರಲ್ಲಿ ಬರೆದಿರಲಿ. ಹಾಜರಿ ಪುಸ್ತಕ ಬರೆಯುವವನಾಗಿ ಹೇಳುತ್ತೇನೆ, ಮನುಷ್ಯರ ಕಷ್ಟ ತಿಳಿಯುವುದು ಅವರು ಬಾರದ ದಿನದ ಲೆಕ್ಕದಲ್ಲಿ.

ಕರೆಂಟ್ ಇಲ್ಲ, ಕುರ್ಚಿ ಇಲ್ಲ, ಹಳ್ಳಿಯಲ್ಲಿ ಏನು ಮಾಡಲಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ಆಗುತ್ತದೆ. ಯಂತ್ರ ಇಲ್ಲದೆ ಬರೀ ಕೈ ಉಪಕರಣದಿಂದ ಹುಳುಕನ್ನು ಕೆರೆದು ತೆಗೆದು ಸಿಮೆಂಟ್ ತುಂಬುವ ವಿಧಾನವನ್ನು 1980ರ ದಶಕದಲ್ಲೇ ಆಫ್ರಿಕಾದ ಟಾಂಜಾನಿಯಾದಲ್ಲಿ ಶುರು ಮಾಡಿದರು. ಆ ತುಂಬುವ ಗ್ಲಾಸ್ ಅಯಾನಮರ್ ಸಿಮೆಂಟನ್ನೂ, ಮಕ್ಕಳ ಹುಳುಕು ಹಲ್ಲಿಗೆ ಹಚ್ಚಿ ಅದನ್ನು ಅಲ್ಲಿಗೇ ನಿಲ್ಲಿಸುವ ಬೆಳ್ಳಿ ಮತ್ತು ಫ್ಲೋರೈಡ್ ಇರುವ ದ್ರವವನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಆ ದ್ರವ ಹಚ್ಚಿದ ಜಾಗ ಕಪ್ಪಾಗುತ್ತದೆ. ಅದನ್ನು ತಾಯಂದಿರಿಗೆ ಮೊದಲೇ ಕೂರಿಸಿ ಹೇಳಬೇಕು. ಹಾಗೆ ಹೇಳುವುದನ್ನೂ ಕಲಿಯಬೇಕು, ಅದೂ ಕನ್ನಡದಲ್ಲಿ. ಈಗ ತೋಟಗಳಿಗೆ ಅಸ್ಸಾಮಿನಿಂದ ಬಂದ ಕುಟುಂಬಗಳೂ ಜಾಸ್ತಿ. ಅವರ ಜೊತೆ ನಾಲ್ಕು ಮಾತು ಹಿಂದಿಯಲ್ಲಾದರೂ ಆಡಬೇಕಾಗುತ್ತದೆ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಆ ಕ್ಯಾಂಪಿನಲ್ಲಿ ಒಬ್ಬ ಹುಡುಗ ಕಾಫಿ ಗಿಡ ಸವರುವ ನಮ್ಮ ಕಸಿ ಕೆಲಸದವನಿಗೆ 'ಅಣ್ಣಾ, ಮೂರು ಬೆರಳು ಜೋಡಿಸಿ ಬಾಯೊಳಗೆ ನಿಲ್ಲಿಸಿ ನೋಡೋಣ' ಅಂದ. ಎರಡೇ ಹಿಡಿಸಿತು. ಕಡ್ಡಿಪುಡಿ, ಅಡಿಕೆ ಹಾಕಿ ಹಾಕಿ ಕೆನ್ನೆಯ ಒಳಗಿನ ಚರ್ಮ ಬಿಗಿಯಾಗಿದೆ, ಇದು ಕ್ಯಾನ್ಸರ್ ಕಡೆಗೆ ತಿರುಗಬಹುದು ಅಂತ ಆ ಹುಡುಗ ಮೆತ್ತಗೆ ಹೇಳಿದ. ಅಷ್ಟು ವರ್ಷ ಜೊತೆಯಲ್ಲಿದ್ದು ನನಗೇ ಅದು ಗೊತ್ತಿರಲಿಲ್ಲ. ಅಂಥ ಹುಡುಗ ನಮ್ಮ ಹೋಬಳಿಯಲ್ಲಿ ಮೂರು ತಿಂಗಳು ಇದ್ದಿದ್ದರೆ ಎಷ್ಟು ಲೈನ್ ಮನೆಗಳ ಬಾಯಿ ನೋಡಬಹುದಿತ್ತು! ಅವನು ಇದ್ದದ್ದು ಆರು ಗಂಟೆ.

ಬಯಲು ಸೀಮೆಗೆ ಹೋದರೆ ಪಾಠವೇ ಬೇರೆ. ಅರಸೀಕೆರೆ ಕಡೆ ಕೊಳವೆಬಾವಿ ನೀರಿನಲ್ಲಿ ಅತಿಯಾದ ಫ್ಲೋರೈಡಿನಿಂದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ಬ್ರಷ್ ಮಾಡಿ ಅಂತ ಹೇಳಿದರೆ ಸಾಲದು, ನೀರು ಎಲ್ಲಿಂದ ತರುತ್ತೀರಿ ಅಂತ ಕೇಳುವ ಡಾಕ್ಟರ್ ಬೇಕು.

ಸರ್ಕಾರಕ್ಕೂ ಒಂದು ಮಾತು. ದಂತ ಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತ ಹಲ್ಲು ಸೆಟ್ ಕೊಡುತ್ತೀರಿ, ಒಳ್ಳೆಯದು, ನಮ್ಮವರಿಗೂ ಬೇಕು. ಆದರೆ ಅದು ಎಲ್ಲಾ ಹಲ್ಲು ಹೋದ ಮೇಲಿನ ಮಾತು. ಹಲ್ಲು ಇರುವಾಗಲೇ ನೋಡುವವರು ಬೇಕಾದರೆ ತಾಲ್ಲೂಕು ಆಸ್ಪತ್ರೆಯಿಂದ ಕೆಳಗೂ ಹಲ್ಲಿನ ಡಾಕ್ಟರ್ ಹುದ್ದೆ ಬೇಕು. ಹುದ್ದೆಯೇ ಇಲ್ಲದಿದ್ದರೆ ಹಳ್ಳಿಗೆ ಬರಲು ಮನಸ್ಸಿರುವ ಮಕ್ಕಳೂ ಬೆಂಗಳೂರಿನ ಕ್ಲಿನಿಕ್‌ಗಳಲ್ಲಿ ಕಡಿಮೆ ಸಂಬಳಕ್ಕೆ ಕೂರುತ್ತಾರೆ. 1948ರ ದಂತ ವೈದ್ಯರ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ಬಂದಿದೆ. ಓದಿನ ನಿಯಮ ಹೊಸದಾಗಿ ಬರೆಯುವಾಗ ಈ ಮೂರು ತಿಂಗಳನ್ನು ಸುಮ್ನೆ ಹಾಗೇ ಬಿಡಬೇಡಿ.

ಉಳಿಯಲು ಜಾಗ ಎಲ್ಲಿ ಅನ್ನುವ ಕಾಲೇಜಿನವರಿಗೆ: ನಮ್ಮ ಸಾಹುಕಾರರ ಹತ್ತಿರ ಮಾತಾಡಿದ್ದೇನೆ. ಕೊಯ್ಲು ಮುಗಿದ ಮೇಲೆ ಎರಡು ಕೋಣೆಯ ಒಂದು ಮನೆ ಖಾಲಿ ಇರುತ್ತದೆ. ನೀರು ಇದೆ, ಬಚ್ಚಲಲ್ಲಿ ಹಂಡೆ ಇದೆ. ಊಟ ನಮ್ಮ ಮನೆಯಲ್ಲಿ.

– ಕಾಫಿ ತೋಟದ ರೈಟರ್, ಹೆತ್ತೂರು ಹೋಬಳಿ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ